ಆಹ್ವಾನಕ್ಕೆ ಕಾಯುವವರು ಆಹ್ವಾನಿಸುವುದು ಯಾವಾಗ?

2023ರ ಜೂನ್ 21ರಿಂದ ಜುಲೈ 4ರ ವರೆಗೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾ ಫುಟ್ಬಾಲ್ ಒಕ್ಕೂಟದ ರಾಷ್ಟ್ರೀಯ ತಂಡಗಳ ಪಂದ್ಯಾಟ ನಡೆಯಿತು. ಸ್ಯಾಫ್ ಚಾಂಪಿಯನ್‌ಶಿಪ್ ಎಂದು ಕರೆಯಲಾಗುವ ಈ ಪಂದ್ಯಾಟದಲ್ಲಿ ವಾಡಿಕೆಯಂತೆ ಆಡುವವರು ನಮ್ಮ ನೆರೆಹೊರೆಯ ದೇಶಗಳವರು ಮಾತ್ರ. ಆದರೆ ಆ ವರ್ಷ ಶ್ರೀಲಂಕಾದ ಮೇಲೆ ಫಿಫಾ ನಿಷೇಧ ಹೇರಿತ್ತು. ಅಫ್ಘಾನಿಸ್ತಾನವು ಅದಕ್ಕಿಂತ ಎಷ್ಟೋ ಮೊದಲೇ ಮಧ್ಯ ಏಷ್ಯಾದ ಒಕ್ಕೂಟವನ್ನು ಸೇರಿಕೊಂಡಿತ್ತು. ಪಂದ್ಯಾಟ ಕಳೆಗುಂದಬಾರದೆಂದು ಸಂಘಟಕರು ಕುವೈತ್ ಮತ್ತು ಲೆಬನಾನ್ ದೇಶಗಳನ್ನು ಅತಿಥಿಗಳಾಗಿ ಆಹ್ವಾನಿಸಿದರು. ಹೀಗೆ ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಮಾಲ್ದೀವ್ಸ್ ಮತ್ತು ಭೂತಾನ್‌ಗಳ ಜೊತೆಗೆ ಎರಡು ಅರಬ್ ರಾಷ್ಟ್ರಗಳೂ ಸೇರಿ ಎಂಟು ತಂಡಗಳು ಕನ್ನಡ ನಾಡಿನ ಒಂದೇ ಮೈದಾನದಲ್ಲಿ ಎದುರುಬದುರಾದವು.

ಫೈನಲ್‌ನಲ್ಲಿ ಕುವೈತನ್ನು ಪೆನಾಲ್ಟಿ ಒದೆತಗಳಲ್ಲಿ 5-4ರಿಂದ ಸೋಲಿಸಿ ಭಾರತ ಒಂಬತ್ತನೇ ಬಾರಿಗೆ ಪ್ರಶಸ್ತಿ ಎತ್ತಿಕೊಂಡಿತು. ಪತ್ರಿಕೆಗಳು ಬರೆದದ್ದೂ ಜನರು ಸಂಭ್ರಮಿಸಿದ್ದೂ ಆ ಗೆಲುವನ್ನು. ಅದು ಸಹಜ. ಆದರೆ ನಾವು ಇಲ್ಲಿ ಚರ್ಚಿಸಬಯಸುವುದು ಗೆಲುವನ್ನಲ್ಲ, ಆಹ್ವಾನವನ್ನು. ಅಪರಿಚಿತರನ್ನು ತನ್ನ ಅಂಗಳಕ್ಕೆ ಕರೆದು, ಸೋಲುವ ಅಪಾಯವನ್ನೂ ಒಪ್ಪಿಕೊಂಡು ಅವರ ಜೊತೆ ಆಡುವುದಿದೆಯಲ್ಲ, ಅದರಿಂದ ಒಂದು ಸಮಾಜಕ್ಕೆ ಸಿಗುವುದೇನು? ಗೋಕಾಕ, ಮೂಡಲಗಿ, ಹುಕ್ಕೇರಿಯಂತಹ ಪಟ್ಟಣಗಳ ಮುಸ್ಲಿಮ್ ಕುಟುಂಬಗಳು ಈ ಪ್ರಶ್ನೆಯನ್ನು ತಮ್ಮದೆಂದು ಭಾವಿಸಬೇಕಾದ ಕಾಲ ಬಂದಿದೆ ಎಂಬುದು ನಮ್ಮ ಅಭಿಪ್ರಾಯ.

ಆಹ್ವಾನದ ಪಂದ್ಯಾಟಗಳಿಗೆ ದೊಡ್ಡ ಇತಿಹಾಸವಿದೆ. ಮಲಯಾ ದೇಶವು 1957ರ ಆಗಸ್ಟ್ 31ರಂದು ಬ್ರಿಟಿಷರಿಂದ ಸ್ವತಂತ್ರವಾಯಿತು. ಅದರ ಮೊದಲ ಪ್ರಧಾನಿ ತುಂಕು ಅಬ್ದುಲ್ ರಹ್ಮಾನ್ ಫುಟ್ಬಾಲ್ ಪ್ರೇಮಿ. ಆ ವರ್ಷವೇ ಕೌಲಾಲಂಪುರದಲ್ಲಿ ಏಷ್ಯಾದ ತಂಡಗಳನ್ನು ಕರೆದು ಮೆರ್ಡೆಕಾ ಪಂದ್ಯಾಟವನ್ನು ಆರಂಭಿಸಲಾಯಿತು. ಮೆರ್ಡೆಕಾ ಎಂದರೆ ಸ್ವಾತಂತ್ರ್ಯ. ಆಗ ತಾನೇ ಕಣ್ತೆರೆದ ಸಣ್ಣ ದೇಶವೊಂದು, ತನ್ನನ್ನು ಯಾರಾದರೂ ಕರೆಯುತ್ತಾರೇನೋ ಎಂದು ಬಾಗಿಲಲ್ಲಿ ಕಾದು ನಿಲ್ಲಲಿಲ್ಲ. ತಾನೇ ಇತರರನ್ನು ಕರೆಯಿತು. ಮುಂದೆ ಏಷ್ಯಾದ ಬಲಿಷ್ಠ ತಂಡಗಳೆಲ್ಲ ಅಲ್ಲಿಗೆ ಹೋಗತೊಡಗಿದವು. ಭಾರತವೂ ಹೋಯಿತು. 1959 ಮತ್ತು 1964ರಲ್ಲಿ ನಾವು ಅಲ್ಲಿ ಎರಡನೇ ಸ್ಥಾನ ಪಡೆದೆವು. ಏಷ್ಯಾದ ಫುಟ್ಬಾಲ್‌ನಲ್ಲಿ ಭಾರತದ ಹೆಸರು ಗೌರವದಿಂದ ಕೇಳಿಬರುತ್ತಿದ್ದ ದಿನಗಳವು.

ಭಾರತವೇ ಕರೆದು ನಡೆಸಿದ ಪಂದ್ಯಾಟ ನೆಹರೂ ಕಪ್. 1982ರಲ್ಲಿ ಕಲ್ಕತ್ತಾದಲ್ಲಿ ಆರಂಭವಾದ ಇದರ ಮೊದಲ ಪ್ರಶಸ್ತಿಯನ್ನು ಗೆದ್ದದ್ದು ಉರುಗ್ವೆ. 1984ರಲ್ಲಿ ಬಂದ ಅರ್ಜೆಂಟೀನಾ, ಎರಡು ವರ್ಷಗಳ ಬಳಿಕ ವಿಶ್ವಕಪ್ಪನ್ನೇ ಗೆದ್ದಿತು. ಆ ಅರ್ಜೆಂಟೀನಾ ವಿರುದ್ಧ ಕಲ್ಕತ್ತಾದಲ್ಲಿ ನಮ್ಮ ತಂಡ ಸೋತದ್ದು ಕೇವಲ ಒಂದು ಗೋಲಿನಿಂದ. ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ತಾನೇ ಏರ್ಪಡಿಸಿದ ಈ ಪಂದ್ಯಾಟವನ್ನು ಭಾರತ ಮೊದಲ ಬಾರಿ ಗೆದ್ದದ್ದು 2007ರಲ್ಲಿ, ದಿಲ್ಲಿಯಲ್ಲಿ ಸಿರಿಯಾವನ್ನು 1-0ಯಿಂದ ಮಣಿಸಿದಾಗ. ನಡುವೆ ಹತ್ತು ವರ್ಷ ಪಂದ್ಯಾಟವೇ ನಿಂತುಹೋಗಿತ್ತು ನಿಜ. ಆದರೂ ಅತಿಥಿಗಳನ್ನು ಕರೆದು, ಅವರಿಂದ ಸೋತು, ಮತ್ತೆ ಕರೆದು, ಮತ್ತೆ ಸೋತು, ಕೊನೆಗೆ ಗೆಲ್ಲಲು ಕಾಲು ಶತಮಾನ ಹಿಡಿಯಿತು. ಅನಂತರ 2009 ಮತ್ತು 2012ರಲ್ಲೂ ಕಪ್ ನಮ್ಮದಾಯಿತು. ಅತಿಥೇಯನಾಗುವುದೆಂದರೆ ಗೆಲ್ಲುವ ಖಾತರಿಯಲ್ಲ. ತನಗಿಂತ ಬಲ್ಲವರಿಂದ ಕಲಿಯಲು ತೆರೆದ ಬಾಗಿಲು ಅದು.

ಈಗ ಮತ್ತೆ ಬೆಂಗಳೂರಿಗೆ ಬರೋಣ. ಆ ಹದಿನಾಲ್ಕು ದಿನಗಳಲ್ಲಿ ನಡೆದ ಒಂದು ಘಟನೆಯನ್ನು ನಮ್ಮ ಪ್ರತಿಯೊಂದು ಮನೆಯಲ್ಲೂ ಮಕ್ಕಳಿಗೆ ಹೇಳಬೇಕು. ಜೂನ್ 27ರಂದು ಗುಂಪು ಹಂತದಲ್ಲಿ ಭಾರತ ಮತ್ತು ಕುವೈತ್ ಮುಖಾಮುಖಿಯಾದವು. ನಾಯಕ ಸುನಿಲ್ ಛೆಟ್ರಿ ಹೊಡೆದ ಗೋಲಿನಿಂದ ಭಾರತ 1-0 ಮುಂದಿತ್ತು. ತೊಂಬತ್ತು ನಿಮಿಷಗಳು ಮುಗಿದು ಹೆಚ್ಚುವರಿ ಕ್ಷಣಗಳ ಆಟ ನಡೆಯುತ್ತಿತ್ತು. ಆಗ ಚೆಂಡನ್ನು ತಡೆಯಲು ಹೋದ ರಕ್ಷಣಾ ಆಟಗಾರ ಅನ್ವರ್ ಅಲಿಯ ಕಾಲಿಗೆ ತಾಗಿ ಅದು ನಮ್ಮದೇ ಬಲೆಯೊಳಗೆ ಸೇರಿತು. ಗೆಲುವು ಡ್ರಾ ಆಗಿ ಮಾರ್ಪಟ್ಟಿತು.

ಪಂಜಾಬಿನ ಮುಸ್ಲಿಮ್ ಯುವಕ. ಎದುರಾಳಿ ಅರಬ್ ದೇಶ. ಕೊನೆಯ ಕ್ಷಣದಲ್ಲಿ ಸ್ವಂತ ಗೋಲು. ನಮ್ಮ ದೇಶದ ಇಂದಿನ ವಾತಾವರಣವನ್ನು ಬಲ್ಲವರಿಗೆ ಇದರ ಮುಂದೆ ಏನಾಗಬಹುದಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಟಿ-20 ವಿಶ್ವಕಪ್ಪಿನ ಪಂದ್ಯದಲ್ಲಿ ಭಾರತವು ಪಾಕಿಸ್ತಾನಕ್ಕೆ ಹತ್ತು ವಿಕೆಟ್‌ಗಳಿಂದ ಸೋತಿತು. ಹನ್ನೊಂದು ಮಂದಿ ಸೋತ ಪಂದ್ಯವದು. ಆದರೆ ಸಾಮಾಜಿಕ ಜಾಲತಾಣಗಳಲ್ಲಿ ಧರ್ಮದ ಹೆಸರೆತ್ತಿ ನಿಂದಿಸಿದ್ದು ಮುಹಮ್ಮದ್ ಶಮಿ ಒಬ್ಬರನ್ನು! ಅಂದಿನ ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಶಮಿಯ ಬೆನ್ನಿಗೆ ನಿಂತು, ಧರ್ಮದ ಆಧಾರದಲ್ಲಿ ಒಬ್ಬನ ಮೇಲೆ ದಾಳಿ ಮಾಡುವುದನ್ನು ಕಟುವಾಗಿ ಖಂಡಿಸಿದರು. ಅದು ಅವರ ಹಿರಿಮೆ. ಆದರೆ ಅಂತಹ ಸಮರ್ಥನೆಯೊಂದು ಬೇಕಾಯಿತೆಂಬುದೇ ನೋವಿನ ವಿಷಯವಲ್ಲವೇ?

ಬೆಂಗಳೂರಿನಲ್ಲಿ ತಂಡ ಮಾಡಿದ್ದೇನು? ನಾಲ್ಕು ದಿನಗಳ ಬಳಿಕ, ಜುಲೈ 1ರಂದು ಲೆಬನಾನ್ ವಿರುದ್ಧದ ಸೆಮಿಫೈನಲ್‌ನಲ್ಲಿ 120 ನಿಮಿಷ ಆಡಿದರೂ ಗೋಲು ಬರಲಿಲ್ಲ. ಪಂದ್ಯ ಪೆನಾಲ್ಟಿಗೆ ಹೋಯಿತು. ಪೆನಾಲ್ಟಿ ಒದೆಯಲು ತಂಡವು ತನ್ನ ಅತ್ಯಂತ ವಿಶ್ವಾಸಾರ್ಹರನ್ನು ಮಾತ್ರ ಕಳುಹಿಸುತ್ತದೆ. ಛೆಟ್ರಿಯ ಬೆನ್ನಿಗೆ ಆ ಬಿಳಿ ಚುಕ್ಕೆಯತ್ತ ನಡೆದವರು ಅದೇ ಅನ್ವರ್ ಅಲಿ. ಅವರ ಒದೆತ ಗುರಿ ತಲುಪಿತು. ಭಾರತ 4-2ರಿಂದ ಗೆದ್ದಿತು. ತಪ್ಪಿದವನ ಕೈಗೇ ತಂಡವು ಮತ್ತೆ ಹೊಣೆಯನ್ನು ಒಪ್ಪಿಸಿತು. ಒಂದು ಸಮಾಜವು ತನ್ನ ಸದಸ್ಯನ ಬಗ್ಗೆ ವಿಶ್ವಾಸವನ್ನು ತೋರಿಸಲು ಇದಕ್ಕಿಂತ ದೊಡ್ಡ ವಿಧಾನ ಇರಲಾರದು.

ಜುಲೈ 4ರ ಫೈನಲ್ ಕೂಡ ಹಾಗೆಯೇ. ಮೊದಲು ಗೋಲು ಹೊಡೆದದ್ದು ಕುವೈತ್. ಭಾರತದ ಸಮಬಲದ ಗೋಲು ಬಂದ ಬಗೆಯನ್ನು ನೋಡಿ. ಛೆಟ್ರಿ ಚೆಂಡನ್ನು ಮುಂದಕ್ಕೆ ತಳ್ಳಿದರು. ಅದನ್ನು ಪಡೆದವರು ಸಹಲ್ ಅಬ್ದುಲ್ ಸಮದ್. ಕಣ್ಣೂರು ಮೂಲದ ಕುಟುಂಬದ ಈ ಯುವಕ ಹುಟ್ಟಿದ್ದು ಯುಎಇಯ ಅಲ್ ಐನ್‌ನಲ್ಲಿ. ಸಹಲ್ ತಾನೇ ಒದೆಯಲು ಹೋಗದೆ ಚೆಂಡನ್ನು ಅಡ್ಡಕ್ಕೆ ನೀಡಿದರು. ಮಿಝೋರಾಮಿನ ಲಾಲಿಯನ್‌ಝುವಾಲಾ ಛಾಂಗ್ಟೆ ಅದನ್ನು ಬಲೆಗೆ ಸೇರಿಸಿದರು. ಕೊನೆಯಲ್ಲಿ ನಿರ್ಣಾಯಕ ಪೆನಾಲ್ಟಿ ಹೊಡೆದವರು ಮಣಿಪುರದ ಮಹೇಶ್ ಸಿಂಗ್ ನವೋರೆಮ್. ಆ ಹೊತ್ತಿಗೆ ಮಣಿಪುರ ಎರಡು ತಿಂಗಳಿಂದ ಹೊತ್ತಿ ಉರಿಯುತ್ತಿತ್ತು. ತನ್ನ ನಾಡು ಬೆಂಕಿಯಲ್ಲಿರುವಾಗ ಆ ಯುವಕ ದೇಶದ ಹೊಣೆಯನ್ನು ಹೊತ್ತು ಒದ್ದ. ಎದುರಾಳಿ ನಾಯಕ ಖಾಲಿದ್ ಹಾಜಿಯಾರ ಒದೆತವನ್ನು ತಡೆದು ಗೆಲುವನ್ನು ಖಚಿತಪಡಿಸಿದವರು ಸಿಖ್ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು. ಭಾರತ ಎಂದರೇನು ಎಂದು ವಿವರಿಸಲು ಇಲ್ಲಿ ಯಾವ ಘೋಷಣೆಯೂ ಬೇಕಾಗಲಿಲ್ಲ.

ಇನ್ನೊಂದು ಮಾತು. ಆ ಪಂದ್ಯಾಟದ ಎಂಟು ರಾಷ್ಟ್ರಗಳಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಮಾಲ್ದೀವ್ಸ್ ಮತ್ತು ಕುವೈತ್ ಮುಸ್ಲಿಮ್ ಬಹುಸಂಖ್ಯಾತ ದೇಶಗಳು. ಲೆಬನಾನ್ ಮುಸ್ಲಿಮರೂ ಕ್ರೈಸ್ತರೂ ಕೂಡಿ ಬಾಳುವ ದೇಶ. ವೀಸಾ ವಿಳಂಬದಿಂದಾಗಿ ಪಾಕಿಸ್ತಾನದ ತಂಡ ಪಂದ್ಯದ ದಿನವಷ್ಟೇ ಬೆಂಗಳೂರು ತಲುಪಿ, ಸರಿಯಾಗಿ ವಿಶ್ರಾಂತಿಯೂ ಇಲ್ಲದೆ ಮಳೆಯ ಮೈದಾನಕ್ಕಿಳಿದು 0-4ರಿಂದ ಸೋತಿತು. ಕ್ರೀಡೆಯ ಸೋಲು ಗೆಲುವು ಅಲ್ಲಿಗೇ ಮುಗಿಯಿತು. ಆದರೆ ನಮ್ಮ ಪಟ್ಟಣಗಳಲ್ಲಿ ಇಂತಹ ಪಂದ್ಯ ಬಂತೆಂದರೆ ಮುಸ್ಲಿಮ್ ಹುಡುಗನ ಮುಖದ ಮೇಲೆ ಹತ್ತು ಕಣ್ಣುಗಳು ನೆಟ್ಟಿರುತ್ತವೆ. ಅವನು ಯಾವಾಗ ಚಪ್ಪಾಳೆ ತಟ್ಟಿದ, ಯಾವಾಗ ಸುಮ್ಮನಿದ್ದ ಎಂಬುದರ ಲೆಕ್ಕ ಇಡುವವರಿದ್ದಾರೆ. ಗ್ಯಾಲರಿಯಲ್ಲಿ ಕುಳಿತವನ ನಿಷ್ಠೆಯನ್ನು ಅಳೆಯಲು ಹೊರಡುವುದು ಸುಲಭ. ಜೊತೆಯಲ್ಲಿ ಓಡಿ, ಬಿದ್ದು, ಎದ್ದು ಚೆಂಡನ್ನು ದಾಟಿಸಿದವನ ನಿಷ್ಠೆಯನ್ನು ಯಾರೂ ಅಳೆಯಲು ಹೋಗುವುದಿಲ್ಲ. ನಮ್ಮ ಮಕ್ಕಳು ಗ್ಯಾಲರಿಯಲ್ಲೇ ಉಳಿದುಬಿಟ್ಟದ್ದು ನಮ್ಮ ಸಮಸ್ಯೆಯ ಒಂದು ಭಾಗವೆಂದು ನಾವೇಕೆ ಯೋಚಿಸಬಾರದು?

ಈಗ ನಮ್ಮ ಊರುಗಳ ಕಡೆಗೆ ತಿರುಗೋಣ. ಬೆಳಗಾವಿ ಜಿಲ್ಲೆಯ ಈ ಭಾಗಕ್ಕೆ ಆಹ್ವಾನದ ಆಟ ಹೊಸದೇನಲ್ಲ. ಜಾತ್ರೆ, ಉರೂಸುಗಳ ಕುಸ್ತಿಯನ್ನು ನೆನಪಿಸಿಕೊಳ್ಳಿ. ಊರ ಪಂಚರು ಕೊಲ್ಹಾಪುರ, ಸಾಂಗ್ಲಿ, ಧಾರವಾಡದ ಕಡೆಯಿಂದ ಪೈಲ್ವಾನರನ್ನು ಕರೆಸುತ್ತಾರೆ. ಅವರಿಗೆ ಊಟ, ವಸತಿ, ಗೌರವ ಎಲ್ಲವೂ ಊರಿನ ಹೊಣೆ. ಕಣದ ಕೆಂಪು ಮಣ್ಣನ್ನು ಮೈಗೆ ಬಳಿದುಕೊಂಡ ಮೇಲೆ ಯಾರ ಜಾತಿ ಯಾವುದೆಂದು ಕೇಳುವ ಪದ್ಧತಿಯಿರಲಿಲ್ಲ. ಹನುಮಂತ ದೇವರ ಪಟವಿರುವ ಗರಡಿಯಲ್ಲಿ ಮುಸ್ಲಿಮ್ ಹುಡುಗ ತಾಲೀಮು ಮಾಡುವುದೂ, ಮುಸ್ಲಿಮ್ ಉಸ್ತಾದನ ಕೈಕೆಳಗೆ ಲಿಂಗಾಯತ, ಕುರುಬ, ಮರಾಠ ಹುಡುಗರು ಪಟ್ಟು ಕಲಿಯುವುದೂ ಈ ನೆಲದಲ್ಲಿ ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಊರು ಊರನ್ನು ಕರೆಯುತ್ತಿತ್ತು, ಊರೇ ಒಂದು ತಂಡವಾಗಿತ್ತು.

ಇಂದು ಏನಾಗಿದೆ? ಆಟ ಕಡಿಮೆಯಾಗಿಲ್ಲ. ಓಣಿಗೊಂದು, ಸಮುದಾಯಕ್ಕೊಂದು ‘ಪ್ರೀಮಿಯರ್ ಲೀಗ್’ ಹುಟ್ಟಿಕೊಂಡಿದೆ. ಒಂದು ಜಾತಿಯವರ ಕಪ್‌ನಲ್ಲಿ ಇನ್ನೊಂದು ಜಾತಿಯವರಿಗೆ ಜಾಗವಿಲ್ಲ. ನಮ್ಮ ಹುಡುಗರೂ ‘ನಮ್ಮದೂ ಒಂದಿರಲಿ’ ಎಂದು ನಮ್ಮವರನ್ನಷ್ಟೇ ಸೇರಿಸಿ ಪಂದ್ಯ ನಡೆಸುತ್ತಾರೆ. ಬ್ಯಾನರಿನಲ್ಲಿ ರಾಜಕಾರಣಿಯ ಭಾವಚಿತ್ರ, ಬಹುಮಾನದ ಮೊತ್ತ, ಧ್ವನಿವರ್ಧಕದ ಅಬ್ಬರ ಎಲ್ಲವೂ ಇರುತ್ತದೆ. ಇಲ್ಲದಿರುವುದು ಒಂದೇ, ಎದುರಿಗೆ ನಿಲ್ಲುವ ಬೇರೆಯವನು! ಒಂದೇ ಓಣಿಯ ಇಪ್ಪತ್ತೆರಡು ಮಂದಿ ತಮ್ಮತಮ್ಮಲ್ಲೇ ಆಡಿಕೊಂಡರೆ ಮೈಗೆ ವ್ಯಾಯಾಮವಾದೀತು. ಪಕ್ಕದ ಓಣಿಯ ಹುಡುಗನ ಹೆಸರು ಗೊತ್ತಾಗುವುದಿಲ್ಲ. ಹೆಸರು ಗೊತ್ತಿಲ್ಲದವನ ಬಗ್ಗೆ ವದಂತಿ ಹಬ್ಬಿಸುವುದು, ಅದನ್ನು ನಂಬುವುದು, ಅವನ ಮೇಲೆ ಕಲ್ಲೆತ್ತುವುದು ಎಷ್ಟು ಸುಲಭವೆಂದು ನಮ್ಮ ಜಿಲ್ಲೆಯ ಜನರಿಗೆ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಓದುಗರೊಬ್ಬರು ಬೆಂಗಳೂರು ಮುಸ್ಲಿಮ್ಸ್ ತಂಡದ ಹೆಸರೆತ್ತಬಹುದು. ನಿಜ, ಆ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ಪ್ರತಿಷ್ಠಿತ ರೋವರ್ಸ್ ಕಪ್ಪನ್ನು ಗೆದ್ದಿತ್ತು. ಬ್ರಿಟಿಷ್ ಸೈನಿಕ ತಂಡಗಳ ಪ್ರಾಬಲ್ಯವನ್ನು ಮುರಿದ ಆ ಸಾಧನೆ ಸಣ್ಣದಲ್ಲ. ಆದರೆ ಅದು ಬ್ರಿಟಿಷರ ಕಾಲ. ಧರ್ಮದ ಹೆಸರಿನಲ್ಲಿ ತಂಡ ಕಟ್ಟುವುದು ಆಗಿನ ವಾಡಿಕೆಯಾಗಿತ್ತು. ಆ ಕಾಲದ ಬೆಂಗಳೂರಿನಲ್ಲೇ 1926ರಲ್ಲಿ ಹುಟ್ಟಿದ ಅಹ್ಮದ್ ಖಾನ್‌ರ ಬದುಕನ್ನು ನೋಡಿ. 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಆಡಿದರು. 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಕಲ್ಕತ್ತಾದ ಈಸ್ಟ್ ಬೆಂಗಾಲ್ ತಂಡದಲ್ಲಿ ಅಪ್ಪಾರಾವ್, ವೆಂಕಟೇಶ್, ಧನರಾಜ್ ಮತ್ತು ಸಾಲೆಹ್ ಜೊತೆ ಅವರು ಮುಂಚೂಣಿಯಲ್ಲಿ ಆಡುತ್ತಿದ್ದರು. ಆ ಐವರನ್ನು ಅಲ್ಲಿನ ಜನರು ಅಭಿಮಾನದಿಂದ ಕರೆದದ್ದು ‘ಪಂಚ ಪಾಂಡವರು’ ಎಂದು! ಐವರಲ್ಲಿ ಇಬ್ಬರು ಮುಸ್ಲಿಮರು. ಅವರು ತಮ್ಮ ಹೆಸರನ್ನು ಬದಲಿಸಲಿಲ್ಲ, ನಂಬಿಕೆಯನ್ನು ಬಿಡಲಿಲ್ಲ. ಕಲ್ಕತ್ತಾದ ಜನ ತಮ್ಮ ಮಹಾಭಾರತದ ಹೆಸರನ್ನೇ ಅವರಿಗೆ ಕೊಟ್ಟರು. ಅಹ್ಮದ್ ಖಾನ್ 2017ರಲ್ಲಿ ನಿಧನರಾದಾಗ ಕನ್ನಡ ನಾಡಿನ ಎಷ್ಟು ಮುಸ್ಲಿಮ್ ಮನೆಗಳಲ್ಲಿ ಅವರ ಹೆಸರು ಗೊತ್ತಿತ್ತು?

ನಮ್ಮ ರಾಜ್ಯದ ಫುಟ್ಬಾಲ್ ಕುರಿತಾದ ಮರೆವು ಇಂದಿಗೂ ಹಾಗೆಯೇ ಇದೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿತು. ಮೈಸೂರು ರಾಜ್ಯವೆಂಬ ಹೆಸರಿದ್ದಾಗ 1968-69ರಲ್ಲಿ ಗೆದ್ದ ಬಳಿಕ 54 ವರ್ಷಗಳಿಗೆ ಬಂದ ಪ್ರಶಸ್ತಿಯದು. ನಮ್ಮ ಅದೆಷ್ಟೋ ಮನೆಗಳಿಂದ ದುಡಿಯಲು ಹೋದವರು ಆ ನಗರದಲ್ಲಿದ್ದಾರೆ. ಆದರೂ ಆ ಸುದ್ದಿ ನಮ್ಮ ಪಟ್ಟಣಗಳ ಚಹಾದಂಗಡಿಗಳನ್ನು ತಲುಪಲಿಲ್ಲ. ಐಪಿಎಲ್ ಹರಾಜಿನಲ್ಲಿ ಯಾರು ಎಷ್ಟು ಕೋಟಿಗೆ ಹೋದರೆಂಬುದು ಮಾತ್ರ ಹತ್ತು ವರ್ಷದ ಹುಡುಗನಿಗೂ ಕಂಠಪಾಠ.

ಬೇರಿಲ್ಲದ ಗೆಲುವಿನ ಆಯುಷ್ಯವೆಷ್ಟು ಎಂಬುದನ್ನೂ ನೋಡಬೇಕು. ಬೆಂಗಳೂರಿನ ಗೆಲುವಿನ ಬಳಿಕ 2023ರ ಜುಲೈಯಲ್ಲಿ ಭಾರತ ಫಿಫಾ ಪಟ್ಟಿಯಲ್ಲಿ 99ನೇ ಸ್ಥಾನಕ್ಕೇರಿತು. 2024ರ ಜನವರಿಯಲ್ಲಿ ಖತರ್‌ನಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಮೂರೂ ಪಂದ್ಯಗಳನ್ನು ಸೋತಿತು, ಒಂದು ಗೋಲನ್ನೂ ಹೊಡೆಯಲಿಲ್ಲ. 2025ರ ಜುಲೈ ಹೊತ್ತಿಗೆ 133ನೇ ಸ್ಥಾನಕ್ಕೆ ಕುಸಿಯಿತು. 2027ರ ಏಷ್ಯನ್ ಕಪ್‌ಗೆ ಅರ್ಹತೆಯನ್ನೂ ಪಡೆಯಲಿಲ್ಲ. ನಡುವೆ ಸಮಾಧಾನ ತಂದದ್ದು ಮತ್ತೆ ಒಂದು ಆಹ್ವಾನವೇ. 2025ರ ಆಗಸ್ಟ್‌ನಲ್ಲಿ ಮಲೇಶ್ಯ ಹಿಂದೆ ಸರಿದ ಕಾರಣ ಮಧ್ಯ ಏಷ್ಯಾದ ಕಾಫಾ ನೇಶನ್ಸ್ ಕಪ್‌ಗೆ ಭಾರತವನ್ನು ಕರೆಯಲಾಯಿತು. ಆಗಷ್ಟೇ ತರಬೇತುದಾರರಾಗಿ ನೇಮಕಗೊಂಡಿದ್ದವರು ಖಾಲಿದ್ ಜಮೀಲ್, ಕುವೈತ್‌ನಲ್ಲಿ ಹುಟ್ಟಿ ಭಾರತಕ್ಕಾಗಿ ಆಡಿದವರು. ಆತಿಥೇಯ ತಜಿಕಿಸ್ತಾನದ ವಿರುದ್ಧ ಮೊದಲ ಗೋಲು ಹೊಡೆದವರು ಅದೇ ಅನ್ವರ್ ಅಲಿ. ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿ ಭಾರತ ಮೂರನೇ ಸ್ಥಾನ ಪಡೆಯಿತು. ಆದರೆ ಹನ್ನೊಂದು ಮಂದಿಯ ಪ್ರತಿಭೆ, ಒಬ್ಬ ತರಬೇತುದಾರನ ಜಾಣ್ಮೆ ಎಷ್ಟು ದಿನ ಒಂದು ದೇಶವನ್ನು ಎತ್ತಿಹಿಡಿದೀತು? ನೂರ ನಲ್ವತ್ತು ಕೋಟಿ ಜನರ ದೇಶದ ತಂಡಕ್ಕೆ ಆಟಗಾರರು ಬರುವುದು ಮಣಿಪುರ, ಮಿಝೋರಾಮ್, ಪಂಜಾಬ್, ಗೋವಾ, ಬಂಗಾಳ, ಕೇರಳದಂತಹ ಕೆಲವೇ ಕಡೆಗಳಿಂದ. ನಮ್ಮ ತಾಲೂಕುಗಳು ಆ ನಕ್ಷೆಯಲ್ಲೇ ಇಲ್ಲ. ಗೋಕಾಕದಿಂದ ಕಂಠೀರವ ಕ್ರೀಡಾಂಗಣಕ್ಕಿರುವ ದೂರ ಬಸ್ಸಿನಲ್ಲಿ ಒಂದು ರಾತ್ರಿಯದು. ಗೋಕಾಕದ ಒಬ್ಬ ಹುಡುಗ ಅಲ್ಲಿ ಆಡಲು ಕ್ರಮಿಸಬೇಕಾದ ದೂರವನ್ನು ಅಳೆದವರಿಲ್ಲ.

ಹಾಗಾದರೆ ಏನು ಮಾಡಬೇಕು? ಸರಕಾರವನ್ನು ಬೈಯುವುದು ಒಂದು ದಾರಿ. ಬೈಯಲು ಕಾರಣಗಳೂ ಇವೆ. ಮೈದಾನವಿಲ್ಲದ ಶಾಲೆಗಳು, ದೈಹಿಕ ಶಿಕ್ಷಕರ ಖಾಲಿ ಹುದ್ದೆಗಳು ಎಲ್ಲರಿಗೂ ಕಾಣುವ ಸತ್ಯ. ಆದರೆ ಮೆರ್ಡೆಕಾದ ಪಾಠವನ್ನು ಮರೆಯಬಾರದು. ಕಾಯುವವನನ್ನು ಜಗತ್ತು ಕಾಯಿಸುತ್ತಲೇ ಇರುತ್ತದೆ. ಆದ್ದರಿಂದ ನಾವು ಮೂರೂ ಪಟ್ಟಣಗಳ ಜಮಾಅತ್‌ಗಳ ಹಿರಿಯರ, ಅಂಜುಮನ್‌ಗಳ ಪದಾಧಿಕಾರಿಗಳ ಮತ್ತು ತಂದೆ ತಾಯಿಯರ ಮುಂದೆ ಒಂದು ಸರಳ ಸಲಹೆಯನ್ನಿಡುತ್ತೇವೆ. ಮೂರು ಊರುಗಳ ಒಂದು ಆಹ್ವಾನ ಪಂದ್ಯಾಟ ನಡೆಯಲಿ. ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ, ಒಂದೊಂದು ಊರಿಗೆ ಒಂದೇ ತಂಡ. ಮೂರು ಭಾನುವಾರ, ಮೂರು ಪಂದ್ಯ, ಪ್ರತಿ ಊರಿನಲ್ಲಿ ಒಂದು. ಯಾವ ಊರಿನಲ್ಲಿ ಪಂದ್ಯವೋ ಆ ಊರಿನವರು ಬಂದವರಿಗೆ ಊಟ ಹಾಕಲಿ. ಮೂಡಲಗಿ ಗೋಕಾಕದಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಾದ ಊರು. ತನ್ನ ಹೆಸರಿನ ತಂಡವೊಂದನ್ನು ಕಟ್ಟುವ ಉತ್ಸಾಹ ಅಲ್ಲಿನ ಯುವಕರಿಗೆ ಇಲ್ಲದಿರುತ್ತದೆಯೇ?

ಷರತ್ತು ಒಂದೇ, ಅದು ಕಡ್ಡಾಯವಾಗಿರಲಿ. ತಂಡ ಊರಿನದ್ದಾಗಿರಬೇಕು, ಸಮುದಾಯದ್ದಲ್ಲ. ರಾಷ್ಟ್ರೀಯ ತಂಡವೆಂದರೆ ಇಡೀ ರಾಷ್ಟ್ರದ ತಂಡವಾಗಿರುವಂತೆ ಹುಕ್ಕೇರಿಯ ತಂಡವೆಂದರೆ ಇಡೀ ಹುಕ್ಕೇರಿಯದ್ದಾಗಿರಬೇಕು. ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ಹೊತ್ತು ನಿಂತಿರುವ ಆ ಊರಿನಲ್ಲಿ ಎಲ್ಲ ಓಣಿಗಳ ಮಕ್ಕಳು ಒಂದೇ ಬಣ್ಣದ ಅಂಗಿ ತೊಟ್ಟು ಮೈದಾನಕ್ಕಿಳಿಯುವುದು ಯಾವ ಶಾಂತಿಸಭೆಗಿಂತ ಕಡಿಮೆ? ಆಯ್ಕೆಯ ಹೊಣೆಯನ್ನು ಸರಕಾರಿ ಶಾಲೆಯ ದೈಹಿಕ ಶಿಕ್ಷಕರಿಗೆ ಬಿಡೋಣ. ಕರೆಯುವವರು ನಾವಾಗಿರಲಿ, ಆರಿಸುವವರು ನಾವಾಗುವುದು ಬೇಡ. ವೇದಿಕೆಯ ಮೇಲೆ ಯಾವ ಪಕ್ಷದ ಬ್ಯಾನರೂ ಬೇಡ.

ಆಕ್ಷೇಪಗಳು ಬರುತ್ತವೆಂದು ನಮಗೆ ಗೊತ್ತು. ಆಟದಿಂದ ಓದು ಕೆಡುತ್ತದೆ ಎನ್ನುವ ತಂದೆಯರಿದ್ದಾರೆ. ಅವರು ತಮ್ಮ ಮಗನ ಸಂಜೆ ಹೇಗೆ ಕಳೆಯುತ್ತಿದೆಯೆಂದು ಒಂದು ವಾರ ಗಮನಿಸಲಿ. ಕಟ್ಟೆಯ ಮೇಲೆ ಕುಳಿತು ಮೊಬೈಲಿಗೆ ಬಗ್ಗಿದ ಕತ್ತು ರಾತ್ರಿ ಹತ್ತಕ್ಕೂ ಮೇಲೇಳುವುದಿಲ್ಲ. ಕ್ರೀಡೆಯ ಹೆಸರಿನಲ್ಲಿ ಅದೇ ಮೊಬೈಲಿನಲ್ಲಿ ಹಣ ಕಟ್ಟಿ ಜೂಜಾಡಿ, ಸಾಲದ ಸುಳಿಗೆ ಬಿದ್ದವರ ಕತೆಗಳು ಊರೂರಲ್ಲಿವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಕಾನೂನು ಬಾಗಿಲು ಮುಚ್ಚಬಹುದು. ಹುಡುಗನಿಗೆ ಹೋಗಲು ಇನ್ನೊಂದು ಬಾಗಿಲನ್ನು ತೆರೆಯುವ ಕೆಲಸ ಮನೆಯವರದ್ದು. ಅಸರ್ ಮತ್ತು ಮಗ್ರಿಬ್ ನಮಾಝ್‌ಗಳ ನಡುವೆ ಸಿಗುವ ಸಮಯ ಒಂದು ಆಟಕ್ಕೆ ಧಾರಾಳ ಸಾಕು. ಬೆವರಿಳಿದ ಹುಡುಗ ಬೇಗ ಮಲಗುತ್ತಾನೆ, ಬೇಗ ಏಳುತ್ತಾನೆ. ಅವನ ಪುಸ್ತಕಕ್ಕೂ ಪ್ರಾರ್ಥನೆಗೂ ಅದರಿಂದ ನಷ್ಟವಿಲ್ಲ.

ಖರ್ಚಿನ ಪ್ರಶ್ನೆ ಎತ್ತುವವರಿಗೆ ಉತ್ತರ ಇನ್ನೂ ಸುಲಭ. ಸುಮಾರು 70 ಸೆಂಟಿಮೀಟರ್ ಸುತ್ತಳತೆಯ, ಅರ್ಧ ಕಿಲೋಗೂ ಕಡಿಮೆ ತೂಕದ ಒಂದು ಚೆಂಡು ಇಪ್ಪತ್ತೆರಡು ಮಕ್ಕಳಿಗೆ ಸಾಕು. ಗೋಲು ಕಂಬಕ್ಕೆ ನಾಲ್ಕು ಬಿದಿರು ಸಾಕು. ಅಹ್ಮದ್ ಖಾನ್ ಮತ್ತು ಅವರ ಸಂಗಡಿಗರಲ್ಲಿ ಬಹುತೇಕರು 1948ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಬರಿಗಾಲಿನಲ್ಲಿ. ಒಂದು ಮದುವೆಯಲ್ಲಿ ಕೇವಲ ಮಂಟಪದ ದೀಪಾಲಂಕಾರಕ್ಕೆ ನಮ್ಮವರು ಸುರಿಯುವ ಹಣದಲ್ಲಿ ಮೂರೂ ಊರುಗಳ ತಂಡಗಳನ್ನು ವರ್ಷವಿಡೀ ಸಾಕಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ಮೌನ ವಹಿಸುವುದೂ ಸರಿಯಲ್ಲ. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಆತಿಥೇಯರನ್ನೇ 2-1ರಿಂದ ಸೋಲಿಸಿ ಭಾರತದ ಮಹಿಳಾ ತಂಡ 2026ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಪುರುಷರಿಗೆ ಸಾಧ್ಯವಾಗದ್ದನ್ನು ಅವರು ಮಾಡಿ ತೋರಿಸಿದರು. ಉಡುಪಿನ ಚಿಂತೆಯಿರುವವರು ತಿಳಿಯಬೇಕಾದ ಸಂಗತಿಯಿದೆ. ತಲೆವಸ್ತ್ರದ ಮೇಲಿನ ನಿರ್ಬಂಧವನ್ನು ಫಿಫಾ 2014ರಲ್ಲೇ ತೆಗೆದುಹಾಕಿತು. 2023ರ ಮಹಿಳಾ ವಿಶ್ವಕಪ್‌ನಲ್ಲಿ ಮೊರಾಕ್ಕೋದ ನುಹೈಲಾ ಬೆಂಝೀನಾ ಹಿಜಾಬ್ ಧರಿಸಿಯೇ ಆಡಿದರು. ಆದ್ದರಿಂದ ಬಾಗಿಲು ಜಗತ್ತಿನ ಕಡೆಯಿಂದ ಮುಚ್ಚಿಲ್ಲ. ಅದು ಮುಚ್ಚಿದ್ದರೆ ನಮ್ಮ ಕಡೆಯಿಂದ. ಶಾಲೆಯ ಆವರಣದಲ್ಲಿ, ಶಿಕ್ಷಕಿಯರ ಉಸ್ತುವಾರಿಯಲ್ಲಿ ಹುಡುಗಿಯರಿಗೂ ಒಂದು ಚೆಂಡು ಸಿಗಲಿ. ಗೋಕಾಕದ ಕಟ್ಟಿಗೆಯ ಆಟಿಕೆಗಳಿಗೆ ನಾಡಿನಾದ್ಯಂತ ಹೆಸರಿದೆ. ಊರಿನ ಆಟಿಕೆಗೆ ಇಷ್ಟು ಹೆಸರಿರುವಾಗ ಊರಿನ ಮಕ್ಕಳಿಗೇ ಆಟವಿಲ್ಲವೆಂದರೆ ಹೇಗೆ?

ನಾವು ಅತಿಯಾದ ಕನಸು ಕಟ್ಟುತ್ತಿಲ್ಲ. ಮೂರು ಪಂದ್ಯಗಳಿಂದ ಯಾವ ಹುಡುಗನೂ ರಾಷ್ಟ್ರೀಯ ತಂಡಕ್ಕೆ ಹೋಗಲಾರ. ಮೂರು ಊಟಗಳಿಂದ ವರ್ಷಗಳ ಅಪನಂಬಿಕೆ ಕರಗಲಾರದು. ನೆಹರೂ ಕಪ್ ಗೆಲ್ಲಲು ದೇಶಕ್ಕೇ ಕಾಲು ಶತಮಾನ ಬೇಕಾಯಿತು. ನಮ್ಮ ಮೊದಲ ವರ್ಷದ ಪಂದ್ಯಾಟದಲ್ಲಿ ಜಗಳವೂ ಆದೀತು, ಕರೆದವರಲ್ಲಿ ಕೆಲವರು ಬರದೆಯೂ ಇದ್ದಾರು. ಹಾಗಾದರೂ ಎರಡನೇ ವರ್ಷ ಮತ್ತೆ ಕರೆಯಬೇಕು. ಯಾವ ಊರಿನಲ್ಲಿ ಒಬ್ಬ ಸಲೀಮನ ತಪ್ಪಿಗೆ ಗೋಲಾದಾಗ ಒಬ್ಬ ಬಸವರಾಜ ಅವನ ಹೆಗಲು ತಟ್ಟಿ ‘ಇರಲಿ ಬಿಡೋ, ಮುಂದಿಂದು ನೋಡು’ ಎನ್ನುತ್ತಾನೋ, ಯಾವ ಊರಿನಲ್ಲಿ ಬಸವರಾಜ ಎಡವಿದಾಗ ಸಲೀಮನೂ ಅದನ್ನೇ ಹೇಳುತ್ತಾನೋ, ಆ ಊರಿನಲ್ಲಿ ಗಲಭೆಕೋರನಿಗೆ ಕೆಲಸ ಸಿಗುವುದು ಕಷ್ಟ.

ನಮ್ಮ ಸಮುದಾಯ ಬಹುಕಾಲದಿಂದ ಆಹ್ವಾನಗಳಿಗಾಗಿ ಕಾಯುತ್ತಾ ಬಂದಿದೆ. ನಮ್ಮನ್ನು ಕರೆಯಲಿಲ್ಲ, ಸೇರಿಸಿಕೊಳ್ಳಲಿಲ್ಲ, ಜಾಗ ಕೊಡಲಿಲ್ಲ ಎಂಬ ದೂರುಗಳಲ್ಲಿ ಸತ್ಯವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ದೂರನ್ನೇ ಉದ್ಯೋಗವಾಗಿಸಿಕೊಂಡವನ ಮನೆಗೆ ಅತಿಥಿಗಳು ಬರುವುದಿಲ್ಲ. ಈ ಮಳೆಗಾಲ ಮುಗಿದು ಮೈದಾನ ಒಣಗುವ ಹೊತ್ತಿಗೆ ಮೂರು ಊರುಗಳ ಹಿರಿಯರು ಒಮ್ಮೆ ಕುಳಿತು ಮಾತಾಡಲಿ. ಮೊದಲ ಪತ್ರ ನಮ್ಮ ಕೈಯಿಂದ ಹೋಗಲಿ. ಅದರಲ್ಲಿ ಬರೆಯಬೇಕಾದದ್ದು ಬಹಳವೇನಿಲ್ಲ: ಚೆಂಡು ನಮ್ಮದು, ಊಟ ನಮ್ಮದು, ನಿಮ್ಮ ಮಕ್ಕಳನ್ನು ಕಳುಹಿಸಿ, ನಮ್ಮ ಮಕ್ಕಳ ಜೊತೆ ಒಂದೇ ತಂಡದಲ್ಲಿ ಆಡಲಿ.